ಅತ್ತೆಗೆ ಕೇಳಿದ ಗುಂಯ್

ಯಾರದೇ ಮನೆಗೆ ಹೋಗಲಿ, ಅವರು ಕೊಟ್ಟ ನೀರು-ಬೆಲ್ಲ ಮುಗಿಯುವುದರೊಳಗೆ ನನ್ನ ಕಣ್ಣು ಅವರ ಫ್ರಿಜ್ಜನ್ನು ಹುಡುಕಿರುತ್ತದೆ. ಒಳಗೆ ಏನಿದೆಯೆಂಬ ಆಸೆಯಿಂದಲ್ಲ. ಬೇರೆ ಮಾಸ್ತರರು ಅಂಗಿಯ ಜೇಬಿನಲ್ಲಿ ಕೆಂಪು ಪೆನ್ನು ಇಟ್ಟುಕೊಂಡರೆ ನಾನು ಕರೆಂಟು ನೋಡುವ ಟೆಸ್ಟರ್ ಇಟ್ಟುಕೊಳ್ಳುತ್ತೇನೆ. ಮಾತಾಡುತ್ತಲೇ ಎದ್ದು ಹೋಗಿ ಅದರ ಮೂತಿಯನ್ನು ಫ್ರಿಜ್ಜಿನ ತಗಡಿಗೆ ತಾಗಿಸಿ, ದೀಪ ಹೊತ್ತದಿದ್ದರೆ ಸಮಾಧಾನದಿಂದ ವಾಪಸು ಬಂದು ಕೂರುತ್ತೇನೆ. ಸಾಸ್ತಾನದ ನೆಂಟರೊಬ್ಬರು ನನಗೆ ಐಸ್‌ಕ್ರೀಮಿನ ಹುಚ್ಚು ಎಂದು ತಿಳಿದುಕೊಂಡು ಹೋದಾಗಲೆಲ್ಲ ಒಂದು ಬಟ್ಟಲು ತಂದಿಡುತ್ತಾರೆ. ನಾನೂ ಬೇಡ ಅನ್ನುವುದಿಲ್ಲ.

ಈ ಚಾಳಿ ನನಗೆ ಹತ್ತಿದ್ದು ಸಂಗೀತದಿಂದ. ಸಂಗೀತಕ್ಕೂ ಫ್ರಿಜ್ಜಿಗೂ ಎತ್ತಣ ಸಂಬಂಧ ಅಂತ ನೀವು ಕೇಳಬಹುದು. ನಾನೂ ಎರಡು ವರ್ಷ ಹಾಗೆಯೇ ಕೇಳುತ್ತಾ ಕೂತಿದ್ದೆ. ಕೇಳಿದ್ದು ತಪ್ಪಾಯಿತು.

ನನ್ನ ಹುಟ್ಟೂರು ಬೈಂದೂರು. ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ತಂತಿ ಕಂಬವಿತ್ತು. ಅದಕ್ಕೆ ಕಿವಿ ಹಚ್ಚಿದರೆ ಒಳಗಿನಿಂದ ಗುಂಯ್ ಎಂಬ ಸದ್ದು ಕೇಳುತ್ತಿತ್ತು. ಮಂಗಳೂರಿನಿಂದ ಬೊಂಬಾಯಿಗೆ ಹೋಗುವ ಸುದ್ದಿಯೆಲ್ಲ ಈ ಕಂಬದೊಳಗೆ ಹಾದು ಹೋಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ನಾನು ಎಷ್ಟೋ ಹೊತ್ತು ನಿಲ್ಲುತ್ತಿದ್ದೆ. ಬೊಂಬಾಯಿಯ ಹೋಟೆಲಿನಲ್ಲಿದ್ದ ಚಿಕ್ಕಪ್ಪ ನನಗೆ ಚಡ್ಡಿ ಬಟ್ಟೆ ಕಳಿಸುತ್ತಾನೋ ಇಲ್ಲವೋ ಎಂಬುದು ಅದರಲ್ಲಿ ಕೇಳಬೇಕಿತ್ತು. ಕೇಳಲಿಲ್ಲ, ಬಟ್ಟೆಯೂ ಬರಲಿಲ್ಲ. ಪ್ರಾರ್ಥನೆಗೆ ತಡವಾಗಿ ಹೋಗಿ ಅಂಗೈಗೆ ಬೆತ್ತದ ಏಟು ಮಾತ್ರ ಬಂತು.

ಮದುವೆಯಾದದ್ದು ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ. ಹೆಂಡತಿ ವನಜ ಕುಂದಾಪುರದ ಕೋಡಿಯವಳು, ತಾಯಿಗೆ ಒಬ್ಬಳೇ ಮಗಳು. ನನಗೆ ತಲ್ಲೂರಿನ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಮಾಸ್ತರಿಕೆ ಸಿಕ್ಕಿದ್ದರಿಂದ ಹೆಂಡತಿಯ ಮನೆಯೇ ಹತ್ತಿರವಾಯಿತು. ಒಂದು ಟ್ರಂಕು, ಒಂದು ಟೇಪ್ ರೆಕಾರ್ಡರ್, ರಟ್ಟಿನ ಪೆಟ್ಟಿಗೆಯ ತುಂಬ ಕ್ಯಾಸೆಟ್ಟು, ಇಷ್ಟನ್ನು ತೆಗೆದುಕೊಂಡು ನಾನು ಅಳಿಯನಾಗಿ ಮನೆ ಹೊಕ್ಕೆ. ಹೆಣ್ಣು ಗಂಡನ ಮನೆಗೆ ಹೋಗುವಾಗ ಅಳುವುದುಂಟಂತೆ. ನನಗೆ ಅಳಲು ಪುರುಸೊತ್ತಿರಲಿಲ್ಲ, ಎತ್ತಿನಗಾಡಿಯ ಹಾಗೆ ಕುಲುಕುವ ರಿಕ್ಷಾದಲ್ಲಿ ಕ್ಯಾಸೆಟ್ ಪೆಟ್ಟಿಗೆ ಹಿಡಿದುಕೊಳ್ಳಬೇಕಿತ್ತು.

ಆ ಮನೆಯ ಯಜಮಾನಿ ನನ್ನ ಅತ್ತೆ. ಪೇಟೆಯವರಿಗೆಲ್ಲ ಗುಲಾಬಕ್ಕ. ಮೀನು ವ್ಯಾಪಾರ. ಮಳೆಗಾಲ ಬಿಟ್ಟು ಉಳಿದ ದಿನ ಹಸಿಮೀನು, ಬೋಟುಗಳು ಕಡಲಿಗೆ ಇಳಿಯದ ಮಳೆಗಾಲದಲ್ಲಿ ಮೊದಲೇ ಉಪ್ಪು ಹಾಕಿ ಒಣಗಿಸಿಟ್ಟ ಮೀನು. ಅವರ ಕಿವಿಯ ಬಗ್ಗೆ ಮೊದಲೇ ಹೇಳಿಬಿಡಬೇಕು. ಬೋಟು ಇನ್ನೂ ಹೊಳೆ ಕಡಲು ಸೇರುವ ಅಳಿವೆಯ ಆಚೆ ಇರುವಾಗಲೇ, ಕಣ್ಣಿಗೆ ಕಾಣುವ ಮೊದಲೇ, ಎಂಜಿನ್ನಿನ ಸದ್ದು ಕೇಳಿ ಅದು ಯಾರ ಬೋಟು ಎಂದು ಹೇಳುತ್ತಿದ್ದರು. ತುಂಬಿ ಬರುವ ಬೋಟಿನ ಸದ್ದು ಬೇರೆ, ಖಾಲಿ ಬರುವ ಬೋಟಿನ ಸದ್ದು ಬೇರೆ. ಮೀನು ಏಲಂ ಮಾಡುವ ಜಾಗದಲ್ಲಿ ಮೊದಲ ಸಾಲಿನಲ್ಲಿ ನಿಲ್ಲಬೇಕಾದರೆ ಇದು ಗೊತ್ತಿರಬೇಕು. ಒಮ್ಮೆ ಒಬ್ಬ ಬೋಟಿನ ಯಜಮಾನನಿಗೆ ನಿನ್ನ ನೀರಿನ ಪಂಪು ಕೆಡುತ್ತಾ ಬಂತು ಅಂದರಂತೆ. ಅವನು ನಕ್ಕ. ಮರುದಿನ ಅವನನ್ನು ನಡುಗಡಲಿನಿಂದ ಬೇರೆ ಬೋಟು ಎಳೆದುಕೊಂಡು ಬಂತು.

ಇಂಥ ಕಿವಿಯ ಎದುರು ನಾನು ನನ್ನ ಟೇಪ್ ರೆಕಾರ್ಡರ್ ಹಚ್ಚಿದ್ದು. ಅತ್ತೆ ಬಾಗಿಲಲ್ಲಿ ನಿಂತು ಒಂದು ನಿಮಿಷ ಕೇಳಿದರು. ಆಮೇಲೆ ಬುಟ್ಟಿ ತೊಳೆಯಲು ಹೋದರು. ಅವತ್ತೇ ನನ್ನ ಮನಸ್ಸಿನಲ್ಲಿ ಒಂದು ಹಟ ಕೂತಿತು. ಈ ಹೆಂಗಸು ಒಂದು ದಿನ ಕೂತು, ಒಂದು ಹಾಡನ್ನು ಪೂರ್ತಿ ಕೇಳಬೇಕು. ಹುಡುಗ ಬುದ್ಧಿ ಅನ್ನಿ, ಏನೂ ಅಡ್ಡಿಯಿಲ್ಲ.

ಕಡಲಗಾಳಿಗೂ ಕ್ಯಾಸೆಟ್ಟಿಗೂ ಆಗಿಬರುವುದಿಲ್ಲ. ಮೂರು ಮಳೆಗಾಲದಲ್ಲಿ ನನ್ನ ಅರ್ಧ ಸಂಗೀತಕ್ಕೆ ಬೂಷ್ಟು ಬಂತು. ಆಮೇಲೆ ಸಿಡಿ ಕೊಂಡೆ. ಅವಕ್ಕೂ ಬಿಳಿ ಚುಕ್ಕೆ ಎದ್ದು ಹಾಡುಗಾರರು ಒಂದೇ ಸಾಲನ್ನು ಹತ್ತತ್ತು ಸಲ ಹೇಳತೊಡಗಿದರು. ಕೊನೆಗೆ ಎರಡು ಸಾವಿರದ ಒಂಬತ್ತರ ಸುಮಾರಿಗೆ ನಾನು ಮ್ಯೂಸಿಕ್ ಸರ್ವರ್ ಎಂಬ ಮಾಯೆಗೆ ಬಿದ್ದೆ. ಮಾಯೆ ಎಂದರೆ ಇಷ್ಟೇ: ಇರುವ ಸಿಡಿಗಳನ್ನೆಲ್ಲ ಒಂದು ಚೂರೂ ಕಳೆಯದ ಹಾಗೆ ಹಾರ್ಡ್ ಡಿಸ್ಕಿಗೆ ಇಳಿಸಿಡುವುದು. ಹಾಡು ನುಡಿಸುವುದು ಬಿಟ್ಟು ಬೇರೆ ಯಾವ ಕೆಲಸವನ್ನೂ ಮಾಡದ ಒಂದು ಕಂಪ್ಯೂಟರಿಗೆ ಅದನ್ನು ಜೋಡಿಸುವುದು. ಅದರಿಂದ ಬರುವ ಅಂಕಿಗಳನ್ನು ಮತ್ತೆ ನಾದವಾಗಿ ಮಾಡಲು ಡ್ಯಾಕ್ ಎಂಬ ಇನ್ನೊಂದು ಡಬ್ಬಿ. ಆಮೇಲೆ ಆಂಪ್ಲಿಫೈಯರು, ಆಮೇಲೆ ಸೊಂಟದೆತ್ತರದ ಎರಡು ಸ್ಪೀಕರು. ಅತ್ತೆ ಪಡುಬದಿಯ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ಅವರ ಒಣಮೀನಿಗೆ ಹಿತ್ತಿಲಲ್ಲಿ ಹೆಂಚಿನ ಕೊಟ್ಟಿಗೆ ಇತ್ತು.

ರಜೆಯಲ್ಲಿ ಇಪ್ಪತ್ತು ದಿನ ಕೂತು ಎಲ್ಲ ಇಳಿಸಿ, ಜೋಡಿಸಿ, ಒಂದು ಸಂಜೆ ಅತ್ತೆಯನ್ನು ಕರೆದೆ. ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲೇ ನಿಂತರು. ನಾನು ಹಾಡು ಶುರುಮಾಡುವ ಮೊದಲೇ ತಲೆ ಓರೆ ಮಾಡಿದರು.

"ಅಳಿಯರೆ, ಇದ್ರೊಳ್ಗೆ ಎಂತದೋ ಗುಂಯ್ ಅಂತಿತ್ತಲೆ."

ನನಗೆ ಕೇಳಲಿಲ್ಲ. ಸ್ಪೀಕರಿಗೆ ಕಿವಿ ಹಚ್ಚಿದೆ. ಹೌದು, ಇತ್ತು. ಬೈಂದೂರಿನ ಕಂಬದಲ್ಲಿ ಕೇಳಿದ್ದ ಅದೇ ಸ್ವರ. ಅತ್ತೆ ಇನ್ನೂ ಒಂದು ಮಾತು ಹೇಳಿದರು. ಅದು ಅವರ ಐಸ್ ಪೆಟ್ಟಿಗೆಯ ಸ್ವರ, ಆ ಪೆಟ್ಟಿಗೆ ಗುರ್ ಎಂದಾಗ ಈ ಪೆಟ್ಟಿಗೆ ಗುಂಯ್ ಎನ್ನುತ್ತದೆ ಎಂದರು. ಐಸ್ ಪೆಟ್ಟಿಗೆ ಅಂದರೆ ಹಿಂಬದಿಯ ಜಗಲಿಯಲ್ಲಿದ್ದ ದೊಡ್ಡ ಫ್ರೀಜರು, ಐಸ್‌ಕ್ರೀಮ್ ಅಂಗಡಿಯವನೊಬ್ಬ ಮಾರಿದ್ದು, ಉಳಿದ ಹಸಿಮೀನು ಇಡಲು ಕೊಂಡದ್ದು. ನಾನು ವಿಜ್ಞಾನ ಮಾಸ್ತರ. ಶಬ್ದ ಗಾಳಿಯಲ್ಲಿ ಹೇಗೆ ಚಲಿಸುತ್ತದೆ, ನಾಲ್ಕು ಗೋಡೆಯ ಆಚೆಯ ಫ್ರೀಜರಿನ ಸದ್ದು ಸ್ಪೀಕರಿನೊಳಗೆ ಬರುವುದು ಏಕೆ ಸಾಧ್ಯವಿಲ್ಲ ಎಂದು ಅವರಿಗೆ ಐದು ನಿಮಿಷ ಪಾಠ ಮಾಡಿದೆ. ಅವರು ಪೂರ್ತಿ ಕೇಳಿದರು. ನನ್ನಿಂದ ಅವರು ಪೂರ್ತಿ ಕೇಳಿದ ಮೊದಲ ಕಛೇರಿ ಅದು.

ಅಲ್ಲಿಂದ ಶುರುವಾಯಿತು ನನ್ನ ಅಪ್‌ಗ್ರೇಡು ಪುರಾಣ. ಗುಂಯ್ ಬರುವುದು ಕಂಪ್ಯೂಟರಿನ ಫ್ಯಾನಿನಿಂದ ಎಂದು ಫ್ಯಾನೇ ಇಲ್ಲದ ಅಲ್ಯೂಮಿನಿಯಂ ಪೆಟ್ಟಿಗೆ ತರಿಸಿದೆ. ಗುಂಯ್ ಹೋಗಲಿಲ್ಲ. ಸಾದಾ ಚಾರ್ಜರಿನ ದೋಷವೆಂದು ರುಬ್ಬುವ ಕಲ್ಲಿನಷ್ಟು ಭಾರದ ಟ್ರಾನ್ಸ್‌ಫಾರ್ಮರ್ ಇರುವ ಪವರ್ ಸಪ್ಲೈ ತಂದೆ. ಅದನ್ನು ಒಳಗಿಡುವಾಗ ಸೊಂಟ ಹಿಡಿಯಿತು, ಗುಂಯ್ ಹೋಗಲಿಲ್ಲ. ತಿರುಗುವ ಡಿಸ್ಕು ತೆಗೆದು ತಿರುಗದ ಡಿಸ್ಕು ಹಾಕಿದೆ. ಡ್ಯಾಕ್ ಬದಲಿಸಿದೆ. ಬೋಟು ಕಟ್ಟುವ ಹಗ್ಗದಷ್ಟು ದಪ್ಪದ ವಯರು ಎಳೆದೆ. ಉಪ್ಪುಗಾಳಿಗೆ ಹಸಿರುಗಟ್ಟುವ ಪಿನ್ನುಗಳನ್ನು ಪ್ರತಿ ಆದಿತ್ಯವಾರ ಸ್ಪಿರಿಟ್ಟಿನಿಂದ ಒರೆಸಿದೆ. ಒಂದೊಂದು ಸಲವೂ ಹಾಡು ಇನ್ನಷ್ಟು ಚೆನ್ನಾಯಿತು, ನಿಜ. ತಂಬೂರಿಯ ತಂತಿ ಎಣಿಸಬಹುದಿತ್ತು. ಆದರೆ ಹಾಡು ಚೆನ್ನಾದಷ್ಟೂ ಹಿಂದಿನ ಗುಂಯ್ ಇನ್ನಷ್ಟು ಸ್ಪಷ್ಟವಾಯಿತು. ಮೊದಲು ಅತ್ತೆಗೆ ಮಾತ್ರ ಕೇಳುತ್ತಿದ್ದದ್ದು ಈಗ ನನಗೂ ಕೇಳತೊಡಗಿತು. ಇದಕ್ಕೇ ಸುಧಾರಣೆ ಎನ್ನುವುದು ಎಂದಳು ವನಜ.

ಪ್ರತಿ ಅಪ್‌ಗ್ರೇಡಿಗೂ ಅತ್ತೆಯನ್ನು ಕರೆಯುತ್ತಿದ್ದೆ. ಅವರು ಬಾಗಿಲಿಗೆ ಬಂದು, ತಲೆ ಓರೆ ಮಾಡಿ, ವಾಪಸು ಹೋಗುತ್ತಿದ್ದರು. ಹೊಸ್ತಿಲು ದಾಟುತ್ತಿರಲಿಲ್ಲ.

ಮೂರನೆಯ ವರ್ಷದ ಏಪ್ರಿಲ್ಲಿನಲ್ಲಿ ಗಾಳಿ ಮಳೆಗೆ ತೆಂಗಿನ ಮರವೊಂದು ಒಣಮೀನಿನ ಕೊಟ್ಟಿಗೆಯ ಮೇಲೆ ಬಿತ್ತು. ಹೆಂಚಿನ ಮಾಡು ಮುರಿಯಿತು. ಒಣಗಿಸಿದ ಬಂಗುಡೆ, ಸಿಗಡಿ ಎಲ್ಲ ಮಳೆಗಾಲದ ವ್ಯಾಪಾರಕ್ಕೆ ಇಟ್ಟದ್ದು. ಒಂದು ಹನಿ ನೀರು ತಾಗಿದರೆ ಹುಳ ಬೀಳುತ್ತದೆ. ಸದ್ಯಕ್ಕೆ ಟಾರ್ಪಲು ಮುಚ್ಚಿ ಉಳಿಸಿಕೊಂಡರೂ ಮಳೆಗಾಲಕ್ಕೆ ಅವುಗಳಿಗೆ ಒಣಗಿದ ಕೋಣೆಯೊಂದು ಬೇಕು. ಅತ್ತೆ ಪಡುಬದಿಯ ಕೋಣೆಯ ಬಾಗಿಲಲ್ಲಿ ನಿಂತು ನನ್ನ ಸಾಮ್ರಾಜ್ಯವನ್ನು ಒಮ್ಮೆ ನೋಡಿದರು.

"ಮಳಿ ಹಿಡುಕ್ ಮುಂಚೆ ಆ ಗುಂಯ್ ನಿಂತ್ರೆ ಸೈ. ಇಲ್ದಿರೆ ನಿಮ್ಮ ಪೆಟ್ಟಿಗಿ ಕಟ್ಟಿ ಅಟ್ಟಕ್ಕೆ ಹಾಕಿ, ಒಣಮೀನ್ ಇಲ್ಲಿಗೆ ಬತ್ತತ್ತ್."

ನ್ಯಾಯವಾದ ಮಾತು. ಮನೆ ನಡೆಯುವುದು ಮೀನಿನಿಂದ, ಸಂಗೀತದಿಂದಲ್ಲ. ಅಟ್ಟಕ್ಕೆ ಹೋದ ಯಂತ್ರ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಸಾಯುತ್ತದೆ ಎಂಬುದು ನನಗೆ ಗೊತ್ತಿತ್ತು. ನನ್ನ ಕೈಯಲ್ಲಿ ಇದ್ದದ್ದು ಒಂದೂವರೆ ತಿಂಗಳು.

ಆಗ ನನಗೆ ಅರ್ತಿಂಗ್ ನೆನಪಾಯಿತು. ಪ್ರತಿವರ್ಷ ಹತ್ತನೇ ತರಗತಿಗೆ ನಾನೇ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಹೇಳುವ ಪಾಠ: ಮನೆಯ ಯಂತ್ರಗಳ ಮೈಗೆ ಹರಿದು ಬರುವ ವಿದ್ಯುತ್ತನ್ನು ಒಂದು ತಂತಿ ನೆಲಕ್ಕೆ ಒಯ್ಯಬೇಕು, ನೆಲದಲ್ಲಿ ಗುಂಡಿ ತೋಡಿ, ಕೊಳವೆ ಇಟ್ಟು, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಬೇಕು. ಎಷ್ಟು ಮಕ್ಕಳಿಗೆ ಇದಕ್ಕೆ ಮಾರ್ಕು ಕೊಟ್ಟಿದ್ದೇನೆ. ನಮ್ಮ ಮನೆಯ ಆ ಗುಂಡಿ ಎಲ್ಲಿದೆ, ಇದೆಯೋ ಇಲ್ಲವೋ ಎಂದು ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ.

ಹೊಸ ಗುಂಡಿಯನ್ನೇ ತೋಡುವುದೆಂದು ಹೊರಟೆ. ಹಾರೆ ಹಿಡಿದು ಎರಡು ದಿನದಲ್ಲಿ ಎದೆಯಾಳ ತೋಡಿದೆ. ಕೊಳವೆ ಇಟ್ಟೆ. ಇದ್ದಿಲು ಹಾಕಿದೆ. ಉಪ್ಪು? ಉಪ್ಪಿಗೆ ಮೀನಿನ ಮನೆಯಲ್ಲಿ ಬರವೇ? ಮುರಿದ ಕೊಟ್ಟಿಗೆಯ ಮೂಲೆಯಲ್ಲಿ ಮೀನಿಗೆ ಹಾಕಿ ತೆಗೆದ ಹಳೆಯ ಉಪ್ಪು ಮೂಟೆಗಟ್ಟಲೆ ಬಿದ್ದಿತ್ತು, ತೆಂಗಿನ ಬುಡಕ್ಕೆ ಹಾಕಲು ಇಟ್ಟದ್ದು. ಅದು ಮೀನಿಗೆ ಹಾಕಿದ ಉಪ್ಪು ಎಂದು ವನಜ ಎಚ್ಚರಿಸಿದಳು. ಯಾವುದಕ್ಕೆ ಹಾಕಿದರೂ ಸೋಡಿಯಂ ಕ್ಲೋರೈಡು ಸೋಡಿಯಂ ಕ್ಲೋರೈಡೇ ಎಂದು ನಾನು ಉತ್ತರಿಸಿದೆ. ಮೂರು ಮೂಟೆ ಸುರಿದು ಮಣ್ಣು ಮುಚ್ಚಿದೆ. ತಂತಿ ಜೋಡಿಸಲು ತಲ್ಲೂರಿನ ಎಲೆಕ್ಟ್ರಿಷಿಯನ್ ಶೀನಣ್ಣನಿಗೆ ಮರುದಿನ ಬರಲು ಹೇಳಿದೆ.

ಬೆಳಿಗ್ಗೆ ಎದ್ದು ನೋಡಿದರೆ ಕೋಡಿಯ ಅಷ್ಟೂ ನಾಯಿಗಳು ನಮ್ಮ ಹಿತ್ತಿಲಲ್ಲಿ ಸಭೆ ಸೇರಿದ್ದವು. ನಾನು ಎರಡು ದಿನ ತೋಡಿದ್ದನ್ನು ಅವು ಅಷ್ಟರಲ್ಲೇ ತೋಡಿ ಮುಗಿಸಿದ್ದವು. ಕೊಳವೆ ಅಡ್ಡ ಬಿದ್ದಿತ್ತು. ಬೆಕ್ಕುಗಳು ಗೋಡೆಯ ಮೇಲೆ ತಮ್ಮ ಪಾಳಿಗೆ ಕಾಯುತ್ತಿದ್ದವು, ಮೇಲೆ ಎರಡು ಹದ್ದು ಸುತ್ತುತ್ತಿದ್ದವು. ಸರಿಯಾಗಿ ಆ ಹೊತ್ತಿಗೇ ಶೀನಣ್ಣ ಬೈಕು ನಿಲ್ಲಿಸಿದ. ಗುಂಡಿ ನೋಡಿದ, ಮೂಸಿದ, ನನ್ನ ಮುಖ ನೋಡಿದ.

"ಹ್ವಾಯ್ ಮಾಸ್ಟ್ರೆ, ಇದ್ ಅರ್ತಿಂಗ್ ಮಾಡುದಾ, ಸಾರ್ ಮಾಡುಕ್ ಹೊರಟದ್ದಾ?"

ನನ್ನ ಶಿಷ್ಯರಲ್ಲಿ ಒಬ್ಬನೂ ಆ ದಾರಿಯಲ್ಲಿ ಹೋಗಲಿಲ್ಲ ಎಂಬುದೊಂದೇ ಅವತ್ತಿನ ನನ್ನ ಪುಣ್ಯ. ಶೀನಣ್ಣನೇ ಮುಂದೆ ನಿಂತು ಆ ಮಣ್ಣನ್ನೆಲ್ಲ ತೆಗೆಸಿ, ಅಂಗಡಿಯ ಶುದ್ಧ ಉಪ್ಪು ತರಿಸಿ, ಇನ್ನೂ ಒಂದು ಮೊಳ ಆಳ ಮಾಡಿಸಿ, ಮೇಲೆ ಸಿಮೆಂಟಿನ ಮುಚ್ಚಳ ಹಾಕಿಸಿದ. ಆಮೇಲೆ ಗೋಡೆಯಲ್ಲಿ ಇಳಿದು ಬಂದ ಹಳೆಯ ಅರ್ತಿಂಗ್ ತಂತಿಯನ್ನು ಹುಡುಕಿದ. ಬಸಳೆ ಬಳ್ಳಿಯನ್ನು ಸರಿಸಿದರೆ ತಂತಿ ನೆಲಕ್ಕೆ ಒಂದು ಗೇಣು ಮೇಲೆಯೇ ತುಕ್ಕು ತಿಂದು ತುಂಡಾಗಿ ನೇತಾಡುತ್ತಿತ್ತು. ಯಾವ ಕಾಲದಲ್ಲಿ ತುಂಡಾಯಿತೋ, ದೇವರಿಗೇ ಗೊತ್ತು. ಮನೆಯ ಎಲ್ಲ ಯಂತ್ರಗಳೂ ಒಂದೇ ತಂತಿಯಿಂದ ಒಂದಕ್ಕೊಂದು ಕಟ್ಟಿಕೊಂಡಿದ್ದವು, ನೆಲಕ್ಕೆ ಮಾತ್ರ ಯಾವುದೂ ಸೇರಿರಲಿಲ್ಲ.

ಶೀನಣ್ಣ ತಂತಿ ಜೋಡಿಸಿ ಮೇನ್ ಹಾಕಿದ. ಠಪ್ ಎಂದು ಹಿಂಬದಿಯ ಫ್ಯೂಸು ಹೋಯಿತು. ಬೇರೆ ಹಾಕಿದ. ಮತ್ತೆ ಹೋಯಿತು. ಗುಂಯ್ ನಿಲ್ಲಿಸಲು ಹೋಗಿ ಮನೆಯ ದೀಪವನ್ನೇ ಆರಿಸಿದೆನಲ್ಲ ಎಂದು ನನಗೆ ಬೆವರಿತು. ಅವನು ಒಂದೊಂದೇ ಪ್ಲಗ್ಗು ಕಿತ್ತು ನೋಡುತ್ತಾ ಬಂದ. ಕೊನೆಗೆ ಹಿಂಬದಿಯ ಜಗಲಿಯ ಫ್ರೀಜರಿನ ಮುಂದೆ ನಿಂತ. ಅದನ್ನು ಕಿತ್ತರೆ ಫ್ಯೂಸು ನಿಲ್ಲುತ್ತದೆ, ಹಾಕಿದರೆ ಹೋಗುತ್ತದೆ. ಹೊಸ ಅರ್ತಿಂಗನ್ನು ಒಂದು ಕ್ಷಣ ಬಿಡಿಸಿ, ಫ್ರೀಜರಿನ ತಗಡಿಗೆ ಟೆಸ್ಟರ್ ತಾಗಿಸಿದ. ದೀಪ ಭಗ್ ಎಂದು ಹೊತ್ತಿತು. ಕಂಪ್ರೆಸರಿಗೆ ಹೋಗುವ ವಯರು ಉಪ್ಪುನೀರಿಗೆ ಸಿಪ್ಪೆ ಸುಲಿದು ತಗಡಿಗೆ ಒರಗಿತ್ತು. ಆ ಪೆಟ್ಟಿಗೆಯ ಇಡೀ ಮೈಯಲ್ಲಿ ಕರೆಂಟು ಇತ್ತು. ನೆಲಕ್ಕೆ ಇಳಿಯಲು ದಾರಿಯಿಲ್ಲದೆ ಅದೇ ತಂತಿಯಲ್ಲಿ ಹರಿದು ನನ್ನ ಸರ್ವರಿನ ಮೈಗೂ ಬರುತ್ತಿತ್ತು. ಅದೇ ಗುಂಯ್. ಪ್ಲಗ್ಗು ಕಿತ್ತ ಮೇಲೆಯೇ ಯಂತ್ರ ಮುಟ್ಟುತ್ತಿದ್ದುದರಿಂದ ನನಗೆ ಮಾತ್ರ ಅದು ತಾಗಿರಲಿಲ್ಲ.

ಅತ್ತೆ ಮೀನಿನ ಬುಟ್ಟಿ ಇಳಿಸಿ ಅಲ್ಲಿಯೇ ನಿಂತಿದ್ದರು. ಇದರಲ್ಲಿ ಇಷ್ಟು ಗಾಬರಿ ಬೀಳುವುದೇನಿದೆ ಎಂಬ ಮುಖ.

"ಅದ್ ಮುಟ್ರೆ ಕೈ ಜುಮ್ ಅಂತತ್ತ್. ಎರ್ಡ್ ಮೂರ್ ವರ್ಷ ಆಯ್ತ್. ಐಸ್ ಪೆಟ್ಟಿಗಿ ಅಂದ್ರೆ ಹಾಂಗೇ ಅಲ್ದಾ?"

ಶೀನಣ್ಣ ಬಗ್ಗಿ ಫ್ರೀಜರಿನ ಮುಂದಿದ್ದ ಮರದ ಹಲಗೆಯನ್ನು ನೋಡಿದ. ಕಾಲಿಗೆ ತಣ್ಣಗಾಗುತ್ತದೆಂದು ಅತ್ತೆ ಹಾಕಿಕೊಂಡದ್ದು. ಆ ಒಣ ಹಲಗೆಯ ಮೇಲೆ ನಿಂತು ಅವರು ದಿನಕ್ಕೆ ಹತ್ತು ಸಲ, ಒದ್ದೆ ಕೈಯಲ್ಲಿ ಆ ಮುಚ್ಚಳ ತೆಗೆಯುತ್ತಿದ್ದರು.

"ಮಾಸ್ಟ್ರೆ, ಈ ಹಲ್ಗಿ ಇಪ್ಪುಕ್ ಹೋಯಿ ಗುಲಾಬಕ್ಕ ಉಳ್ದದ್ದ್. ಈ ಮಳಿಗಾಲ ಜಗ್ಲಿಗೆ ನೀರ್ ಬಂದಿರೆ ಹಲ್ಗಿಯೂ ಒದ್ದಿ ಆತಿತ್ತ್."

ನಮ್ಮ ಜಗಲಿಗೆ ಪ್ರತಿ ಮಳೆಗಾಲದಲ್ಲೂ ಇರಚಲು ಬರುತ್ತದೆ. ಹಿಂದಿನ ಎರಡು ವರ್ಷ ಮಳೆ ಹಿಡಿದ ಮೇಲೆ ಫ್ರೀಜರಿನಲ್ಲಿ ಇಡಲು ಹಸಿಮೀನು ಇಲ್ಲದೆ ಅದನ್ನು ಬಂದ್ ಮಾಡಿದ್ದರು. ಆ ತಿಂಗಳುಗಳಲ್ಲಿ ಗುಂಯ್ ಕೇಳದ್ದನ್ನು ನಾನು ಮಳೆಯ ಸದ್ದಿನ ಲೆಕ್ಕಕ್ಕೆ ಹಾಕಿದ್ದೆ. ಈ ಸಲ ಮಳೆಗಾಲದಲ್ಲೂ ಹಸಿಮೀನು ಮಾರೋಣ, ಹೊರಗಿನಿಂದ ಐಸು ಹಾಕಿ ತರಿಸೋಣ ಎಂದು ಅವರು ಮಾತಾಡಿಕೊಂಡಿದ್ದು ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆಯೇ ಈ ಹೆಂಗಸು ಬಾಗಿಲಲ್ಲಿ ನಿಂತು, ಅದು ತನ್ನ ಐಸ್ ಪೆಟ್ಟಿಗೆಯ ಸ್ವರ ಎಂದು ಕನ್ನಡದಲ್ಲೇ ಹೇಳಿದ್ದರು. ನಾನು ಅವರಿಗೆ ಶಬ್ದದ ಪಾಠ ಮಾಡಿದ್ದೆ. ಅಲ್ಲಿಯೇ ಜಗಲಿಯಲ್ಲಿ ಕೂತುಬಿಟ್ಟೆ, ಕಣ್ಣಲ್ಲಿ ನೀರು ಬಂತು. ತಪ್ಪಾಯಿತು ಅತ್ತೆ ಎಂದೆ. ಅವರು, ಫ್ರೀಜರಿನಲ್ಲಿದ್ದ ಮೀನು ಹಾಳಾಗುವ ಮೊದಲು ತೆಗೆದು ಐಸು ಹಾಕಿ ಎಂದರು.

ಎರಡು ದಿನದಲ್ಲಿ ಫ್ರೀಜರು ರಿಪೇರಿಯಾಯಿತು. ಮೂರನೆಯ ದಿನ ಮಧ್ಯಾಹ್ನ, ಊಟ ಮುಗಿದು ಬೀದಿಯೆಲ್ಲ ಸುಮ್ಮನಿದ್ದಾಗ ನಾನು ಪಡುಬದಿಯ ಕೋಣೆಯಲ್ಲಿ ಎಲ್ಲ ಹಚ್ಚಿದೆ. ಅತ್ತೆಯನ್ನು ಕರೆಯಲಿಲ್ಲ. ಕರೆಯುವ ಮುಖ ನನಗಿರಲಿಲ್ಲ. ಅವರಾಗಿಯೇ ಬಂದರು. ಬಾಗಿಲಲ್ಲಿ ನಿಂತು ತಲೆ ಓರೆ ಮಾಡಿದರು. ಹಿಂಬದಿಯಲ್ಲಿ ಫ್ರೀಜರು ಗುರ್ ಎಂದು ಶುರುವಾದದ್ದು ನಮ್ಮಿಬ್ಬರಿಗೂ ಕೇಳಿತು. ಸ್ಪೀಕರಿನಲ್ಲಿ ಏನೂ ಇರಲಿಲ್ಲ. ಅಂಥ ಮೌನವನ್ನು ನಾನು ಆ ಕೋಣೆಯಲ್ಲಿ ಅದುವರೆಗೆ ಕೇಳಿರಲಿಲ್ಲ. ಅತ್ತೆ ಹೊಸ್ತಿಲು ದಾಟಿದರು. ನಾನು ಕುರ್ಚಿ ಎಳೆದರೂ ಬೇಡವೆಂದು, ಎರಡು ಸ್ಪೀಕರುಗಳ ಎದುರು, ಸರಿಯಾಗಿ ನಡುವೆ, ನೆಲದ ಮೇಲೆ ಕಾಲು ಚಾಚಿ ಕೂತರು. ಅಲ್ಲಿ ಕೂತರೇ ಚೆನ್ನಾಗಿ ಕೇಳುತ್ತದೆ ಎಂದು ಪುಸ್ತಕಗಳಲ್ಲಿ ಓದಿ, ಟೇಪು ಹಿಡಿದು ಅಳೆದು ನಾನು ಕಂಡುಹಿಡಿದಿದ್ದ ಜಾಗ ಅದು. ಅವರಿಗೆ ಹೇಳಬೇಕಾಗಲಿಲ್ಲ.

ಕೊಳಲು ಹಾಕಿದೆ, ಇಪ್ಪತ್ತು ನಿಮಿಷದ್ದು. ಅತ್ತೆ ಅಲುಗಲಿಲ್ಲ. ಯಾರೋ ಮೀನು ಕೇಳಿಕೊಂಡು ಬಂದರು, ವನಜ ಹೋಗಿ ಕೊಟ್ಟು ಬಂದಳು. ಅತ್ತೆ ತಿರುಗಿಯೂ ನೋಡಲಿಲ್ಲ. ನಾನು ಹಾಡು ಕೇಳಲಿಲ್ಲ, ಅವರ ಮುಖವನ್ನೇ ನೋಡುತ್ತಿದ್ದೆ. ಮುಗಿದ ಮೇಲೆ ಹೇಳಿದರು.

"ಚಂದ ಊದಿರ್. ಆರೆ ಪಾಪ, ಅವ್ರಿಗೆ ಶೀತ ಆಯ್ತ್ ಕಾಣಿ. ಮೂಗ್ ಏರಿಸ್ಕಂಬುದ್ ಕೇಣ್ತಿತ್ತ್."

ಒಂಬತ್ತು ವರ್ಷದಿಂದ ಆ ಸಿಡಿ ನನ್ನ ಬಳಿ ಇತ್ತು. ಮತ್ತೆ ಹಾಕಿ, ಸ್ಪೀಕರಿಗೆ ಕಿವಿ ಹಚ್ಚಿ ಕೇಳಿದೆ. ನಿಜ. ಎರಡು ಸ್ವರಗಳ ನಡುವೆ ಆ ದೊಡ್ಡ ವಿದ್ವಾಂಸರು ನೆಗಡಿಯಾದ ಮೂಗನ್ನು ಮೆಲ್ಲಗೆ ಸೊರ್ ಎನ್ನಿಸುತ್ತಿದ್ದರು. ನಾನು ಗೆದ್ದೆ ಎಂದು ನನಗೆ ಅನ್ನಿಸಿದ್ದು ಆಗ. ನನ್ನ ಯಂತ್ರಕ್ಕೆ ಸರಿಯಾದ ಕಿವಿ ಕೊನೆಗೂ ಸಿಕ್ಕಿತ್ತು, ಅದು ನನ್ನದಲ್ಲದಿದ್ದರೇನಾಯಿತು.

ಮಳೆ ಹಿಡಿಯುವ ಹಿಂದಿನ ದಿನ ಅತ್ತೆ ತೀರ್ಪು ಕೊಟ್ಟರು. ಹಾಡಿನ ಪೆಟ್ಟಿಗೆ ಇದ್ದಲ್ಲೇ ಇರಲಿ, ಒಣಮೀನು ಮಗಳು ಅಳಿಯ ಮಲಗುವ ಕೋಣೆಗೆ ಹೋಗಲಿ. ವನಜ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಳು. ಆ ಮಳೆಗಾಲ ಪೂರ್ತಿ ನಾನು ಏಳು ಮೂಟೆ ಬಂಗುಡೆಯ ಪಕ್ಕ ಮಲಗಿ, ಅದೇ ವಾಸನೆಯಲ್ಲಿ ಎದ್ದು ಶಾಲೆಗೆ ಹೋದೆ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿಯಿರುತ್ತಿತ್ತು. ನನಗೆ ಯಾವ ಬೇಸರವೂ ಆಗಲಿಲ್ಲ.

ಜುಲೈ ತಿಂಗಳ ಒಂದು ಆದಿತ್ಯವಾರ, ಜಡಿಮಳೆ. ಪಡುಬದಿಯ ಕೋಣೆಯಲ್ಲಿ ಕೊಳಲು ಹಾಕಿಕೊಂಡು ಕೂತಿದ್ದೆ. ಇರಚಲಿಗೆ ಹಿಂಬದಿಯ ಜಗಲಿಯಲ್ಲೆಲ್ಲ ನೀರು ನಿಂತಿತ್ತು. ಆ ನೀರಿನಲ್ಲಿ ಬರಿಗಾಲಿನಲ್ಲಿ ನಡೆದುಕೊಂಡು ಹೋಗಿ ಅತ್ತೆ ಒದ್ದೆ ಕೈಯಲ್ಲಿ ಫ್ರೀಜರಿನ ಮುಚ್ಚಳ ತೆಗೆದರು. ಬಗ್ಗಿ ಮೀನು ಹುಡುಕುತ್ತಲೇ ಅಲ್ಲಿಂದ ಕೂಗಿ ಹೇಳಿದರು.

"ಹ್ವಾಯ್, ಒಂಚೂರ್ ದೊಡ್ಡ ಮಾಡಿ. ಮಳಿ ಸದ್ದಿಗೆ ಇಲ್ಲಿಗೆ ಕೇಣುದಿಲ್ಲ."